ರೇಷನ್ ಕಾರ್ಡಿಲ್ಲದ ಕಲ್ಲುಹೂವು

ಕಳೆದ ತಿಂಗಳ ಸಭೆಗೆ ಬಂದಿದ್ದವರಿಗೆ ನೆನಪಿರಬಹುದು. ವಾರ್ಷಿಕ ವಿಹಾರದ ಬಸ್ಸಿನ ಬಾಡಿಗೆಯ ವಿಷಯ ಮುಗಿದು ಇನ್ನೇನು ಚಹಾ ಬರಬೇಕು ಎನ್ನುವಾಗ ನಾವು ಒಂದು ಠರಾವನ್ನು ಮುಂದಿಟ್ಟೆವು. ಕಲಬುರಗಿ ಜಿಲ್ಲೆಯಲ್ಲಿ ಸುಣ್ಣಕಲ್ಲಿನ ಹೊಸ ಗಣಿಗಳಿಗೆ ಅಪ್ಪಣೆ ಕೊಡುವ ಮುಂಚೆ ಆ ಕಲ್ಲಿನ ಮೇಲೆ ಬೆಳೆದಿರುವ ಕಲ್ಲುಹೂವುಗಳನ್ನು ಯಾರಾದರೂ ಬಲ್ಲವರು ಹೋಗಿ ಎಣಿಸಿ ಬರೆದಿಡಬೇಕು, ಎಂಬುದಷ್ಟೇ ಅದರ ಒಕ್ಕಣೆ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು (ಸಂಘಕ್ಕಾಗಿ ಬೆವರು ಸುರಿಸಿದವರು, ನಮಗೆಲ್ಲ ಬೇಕಾದವರು) ಎದ್ದು ನಿಂತು, "ಇಲ್ಲಿ ಮನುಷ್ಯರಿಗೇ ಕಾಲು ಚಾಚಲು ಜಾಗವಿಲ್ಲ, ಪಾಚಿಗೂ ಒಂದು ಠರಾವೇ?" ಎಂದರು. ಸಭೆ ಗೊಳ್ಳೆಂದು ನಕ್ಕಿತು. ಸುಳ್ಳೇಕೆ, ನಮಗೂ ನಗು ಬಂತು. ಠರಾವು ಚಹಾದ ಬಟ್ಟಲುಗಳ ನಡುವೆ ಎಲ್ಲೋ ಕಳೆದುಹೋಯಿತು. ಮನೆಗೆ ಬಂದು ಯೋಚಿಸಿದಾಗ ಆ ನಗು ಅಷ್ಟು ನಿರಪಾಯವಾದದ್ದಲ್ಲ ಎನಿಸಿತು. ಆದ್ದರಿಂದ ಈ ಬರಹ.

ಮೊದಲು ಅಡುಗೆಮನೆಗೆ ಬನ್ನಿ. ಪಾರ್ಲೆ ಪೂರ್ವದ ಯಾವ ಕಿರಾಣಿ ಅಂಗಡಿಯಲ್ಲಾದರೂ 'ದಗಡಫೂಲ್' ಎಂದು ಕೇಳಿ ನೋಡಿ. ಒಂದು ಮಗ್ಗುಲು ಕಪ್ಪು, ಇನ್ನೊಂದು ಮಗ್ಗುಲು ಬೂದಿಬಣ್ಣ, ಸುಟ್ಟ ಕಾಗದದಂತೆ ಮುದುಡಿಕೊಂಡ ಚೂರುಗಳನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ನಮ್ಮ ಮರಾಠಿ ನೆರೆಯವರ ಗೋಡಾ ಮಸಾಲೆಗೆ ಅದಿಲ್ಲದೆ ಪರಿಮಳವಿಲ್ಲ. ನಮ್ಮ ಕಡೆಯ ಮಸಾಲೆಪುಡಿಗಳಲ್ಲೂ ಅದುಂಟು. ಅಲ್ಲಿ ಅದರ ಹೆಸರು ಕಲ್ಲುಹೂವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿಗಳ ಜತೆಗೆ ಇದನ್ನೂ ಮರಗಳಿಂದ ಬಿಡಿಸಿ ತಂದು ತಮ್ಮ ಸಹಕಾರ ಸಂಘಕ್ಕೆ ಮಾರಿ ಉಪ್ಪುಮೆಣಸಿನ ಖರ್ಚು ನೀಗಿಸಿಕೊಂಡವರು. ನಮ್ಮ ಮಕ್ಕಳು ಶಾಲೆಯ ಪ್ರಯೋಗಶಾಲೆಯಲ್ಲಿ ಆಮ್ಲ ಯಾವುದು, ಕ್ಷಾರ ಯಾವುದು ಎಂದು ಅದ್ದಿ ನೋಡುವ ಲಿಟ್ಮಸ್ ಕಾಗದದ ಬಣ್ಣ ಮೊದಲು ಬಂದದ್ದೂ ಇದರದೇ ಬಳಗದಿಂದ. ಹೀಗೆ ಹೊಟ್ಟೆಗೂ ವಿದ್ಯೆಗೂ ಒದಗಿದ ಈ ವಸ್ತು ಏನೆಂದು ನಮ್ಮಲ್ಲಿ ಎಷ್ಟು ಜನ ಕೇಳಿಕೊಂಡಿದ್ದೇವೆ?

ಹಿರಿಯರು ಪಾಚಿ ಎಂದದ್ದು ಅರ್ಧ ಸರಿ. ಕಲ್ಲುಹೂವು ಹೂವಲ್ಲ, ಎಲೆಯಲ್ಲ, ಗಿಡವೇ ಅಲ್ಲ. ಒಂದು ಶಿಲೀಂಧ್ರ, ಅಂದರೆ ಅಣಬೆಯ ಬಳಗದ ಜೀವಿ, ತನ್ನ ಮೈಯೊಳಗೆ ಹಸಿರು ಪಾಚಿಯ ಕಣಗಳಿಗೆ ಬಿಡಾರ ಕೊಟ್ಟಿರುತ್ತದೆ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ಶಿಲೀಂಧ್ರ ಮನೆ ಕಟ್ಟುತ್ತದೆ, ಇಬ್ಬನಿಯ ನೀರನ್ನು ಹಿಡಿದಿಡುತ್ತದೆ. ಗಿರಗಾಂವಿನ ಚಾಳಿನ ಒಂದೇ ಖೋಲಿಯಲ್ಲಿ ಎರಡು ಸಂಸಾರ ಸಾಗಿಸಿದ ಹಳಬರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1860ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಎಂಬ ಸಸ್ಯಶಾಸ್ತ್ರಜ್ಞ ಇದನ್ನು ಮೊದಲು ಹೇಳಿದಾಗ ಆ ಕಾಲದ ಕಲ್ಲುಹೂವಿನ ಪಂಡಿತರೇ ಅವನನ್ನು ಗೇಲಿ ಮಾಡಿದ್ದರು. ಒಂದೇ ಜೀವಿ ಎಂದುಕೊಂಡದ್ದು ಎರಡು ಜೀವಿಗಳ ಸಂಸಾರವೆಂದರೆ ಯಾರು ನಂಬುತ್ತಾರೆ? ನಗುವುದು ಸುಲಭ ಎಂಬುದು ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ.

ಕಲ್ಲಿಗೆ ಅಂಟಿಕೊಂಡು ಬೆಳೆಯುವ ಜಾತಿಗಳ ಬೆಳವಣಿಗೆ ಎಷ್ಟು ನಿಧಾನವೆಂದರೆ, ಅವುಗಳಲ್ಲಿ ಹಲವು ವರ್ಷಕ್ಕೆ ಒಂದು ಮಿಲಿಮೀಟರೂ ಹಬ್ಬುವುದಿಲ್ಲ. ಒಂದು ರೂಪಾಯಿಯ ನಾಣ್ಯದಷ್ಟು ಅಗಲದ ಮಚ್ಚೆಯೊಂದು, ನಮ್ಮಲ್ಲಿ ಹಲವರು ಬೋರಿಬಂದರಿನಲ್ಲಿ ಟ್ರಂಕು ಇಳಿಸಿದ ದಿನಕ್ಕಿಂತ ಹಳೆಯದಾಗಿರಬಹುದು. ಇನ್ನೊಂದು ಸಂಗತಿ, ನಮ್ಮ ವಾದಕ್ಕೆ ಮುಖ್ಯವಾದದ್ದು: ಎಲ್ಲ ಕಲ್ಲುಹೂವಿಗೂ ಎಲ್ಲ ಕಲ್ಲೂ ಆಗುವುದಿಲ್ಲ. ಕರಿಗಲ್ಲು, ಬಿಳಿಗಲ್ಲುಗಳ ಮೇಲೆ ಬದುಕುವ ಒಕ್ಕಲು ಬೇರೆ, ಸುಣ್ಣಕಲ್ಲಿನ ಒಕ್ಕಲು ಬೇರೆ. ಸುಣ್ಣಕಲ್ಲಿನದರಲ್ಲಿ ಕೆಲವಂತೂ ಕಲ್ಲಿನ ಮೇಲೂ ಇರುವುದಿಲ್ಲ, ಒಳಗೇ ಇರುತ್ತವೆ. ಕಲ್ಲನ್ನು ಸ್ವಲ್ಪಸ್ವಲ್ಪವೇ ಕರಗಿಸಿ ಅದರ ಚರ್ಮದಡಿಯಲ್ಲಿ ಸಂಸಾರ ಹೂಡುತ್ತವೆ. ಹೊರಗೆ ಕಾಣುವುದು ಸಾಸಿವೆಗಿಂತ ಚಿಕ್ಕ ಕರಿಯ ಚುಕ್ಕೆಗಳು ಮಾತ್ರ. ನೋಡಿದವರು ಕೊಳೆ ಎನ್ನುತ್ತಾರೆ. ಇಂಥ ಜೀವಿಯನ್ನು ಕಿತ್ತು ಬೇರೆ ಕಡೆ ನೆಡುವ ಮಾತೇ ಇಲ್ಲ. ಮನೆ ಒಡೆದರೆ ಮನೆಯವರೂ ಮುಗಿದರು.

ಈಗ ರೇಷನ್ ಕಾರ್ಡಿನ ವಿಷಯ. ಈ ಊರಿಗೆ ಬಂದ ಹೊಸತರಲ್ಲಿ ಆ ಕಾರ್ಡಿಗಾಗಿ ನಾವು ಎಷ್ಟು ಕಚೇರಿಗಳ ಕಟ್ಟೆ ಸವೆಸಿದೆವು! ಗ್ಯಾಸಿಗೆ ಅದೇ ಬೇಕು, ಶಾಲೆಗೆ ಅದೇ ಬೇಕು, ಬ್ಯಾಂಕಿನ ಖಾತೆಗೂ ಅದೇ. ಕೈಕಾಲು ಗಟ್ಟಿಯಿದ್ದು ಎದುರಿಗೆ ನಿಂತಿದ್ದರೂ ಕಾರ್ಡಿಲ್ಲದವನು ಗುಮಾಸ್ತನ ಕಣ್ಣಿಗೆ ಇಲ್ಲವೇ ಇಲ್ಲ. ಜೀವಿಗಳ ಲೋಕದಲ್ಲೂ ಅಂಥದೊಂದು ಕಾರ್ಡುಂಟು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದವರು ಪ್ರಕಟಿಸುವ ಕೆಂಪು ಪಟ್ಟಿ ಅದರ ಹೆಸರು. ಹುಲಿ, ಆನೆ, ಹೆಬ್ಬಕ ಎಲ್ಲಕ್ಕೂ ಅದರಲ್ಲಿ ಸ್ಥಾನವಿದೆ. ಕಲ್ಲುಹೂವುಗಳ ಪೈಕಿ ಮೊದಲ ಎರಡಕ್ಕೆ ಕಾರ್ಡು ಸಿಕ್ಕಿದ್ದು 2003ರಲ್ಲಿ: ಒಂದು ಅಮೆರಿಕದ ಫ್ಲಾರಿಡಾದ ಮರಳುನೆಲದ್ದು, ಇನ್ನೊಂದು ಉತ್ತರದ ಚಳಿಕಾಡುಗಳ ಫರ್ ಮರದ್ದು. ಆಮೇಲೆ ಪಟ್ಟಿ ಕೊಂಚ ಬೆಳೆದಿದೆ. ಆದರೂ ಜಗತ್ತಿನಲ್ಲಿರುವ ಸುಮಾರು 20,000 ಜಾತಿಗಳಲ್ಲಿ ನೂರಕ್ಕೆ ಎರಡರಷ್ಟಕ್ಕೂ ಅದರಲ್ಲಿ ಜಾಗವಾಗಿಲ್ಲ. ಜಾಗ ಸಿಕ್ಕವುಗಳಲ್ಲಿ ಸುಣ್ಣದ ನೆಲವನ್ನೇ ನಂಬಿದ ಒಂದು ಯುರೋಪಿನ ಜಾತಿಯಿದೆ, ಬುಯೆಲಿಯಾ ಆಸ್ಟೆರೆಲ್ಲಾ. ಬಿಳಿಯ ನಕ್ಷತ್ರದಂತೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಹುಲ್ಲುಗಾವಲುಗಳನ್ನು ಉತ್ತು, ಗೊಬ್ಬರ ಸುರಿದು, ಕುರಿ ಮೇಯಿಸುವುದನ್ನು ನಿಲ್ಲಿಸಿ, ಅಲ್ಲಿಯ ಜನ ಅದನ್ನು ತಮಗೇ ತಿಳಿಯದಂತೆ ಒರೆಸಿಹಾಕಿದರು. ಇಂಗ್ಲೆಂಡಿನಿಂದ ಅದು ಪೂರ್ತಿ ಮಾಯವಾಯಿತು. ಈಗ ಅದರ ಹೆಸರಿನ ಮುಂದೆ 'ಅಳಿವಿನ ತೀರಾ ಅಂಚಿನಲ್ಲಿದೆ' ಎಂಬ ಮುದ್ರೆಯಿದೆ. ಇದು ದುಃಖದ ಸಂಗತಿಯೇ. ಆದರೆ ಗಮನಿಸಿ: ಅದಕ್ಕೆ ಕನಿಷ್ಠ ಮುದ್ರೆಯಾದರೂ ಬಿತ್ತು! ಹೋದದ್ದು ಏನು ಎಂದು ಹೇಳಬಲ್ಲವರು ಅಲ್ಲಿದ್ದರು.

ನಮ್ಮಲ್ಲಿ? ಭಾರತದಲ್ಲಿ ಸುಮಾರು 3,000 ಜಾತಿಯ ಕಲ್ಲುಹೂವುಗಳಿವೆ ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಲಖನೌದಲ್ಲಿ ಡಿ. ಡಿ. ಅವಸ್ಥಿಯವರು ಜೀವಮಾನವಿಡೀ ಇದಕ್ಕೇ ತೇದರು. ಪುಣೆಯಲ್ಲಿ ಈಗ ಆಘಾರ್ಕರ್ ಸಂಶೋಧನಾ ಸಂಸ್ಥೆ ಎನಿಸಿಕೊಂಡಿರುವ ಕಡೆ ಪಟವರ್ಧನರು ಮತ್ತು ಅವರ ಶಿಷ್ಯರು ಸಹ್ಯಾದ್ರಿಯನ್ನು ಅಲೆದು ಸಂಗ್ರಹಿಸಿದರು. ವಿದ್ವಾಂಸರ ತಪ್ಪಿಲ್ಲ. ಸರ್ಕಾರದ ಕಾಗದಗಳಲ್ಲಿ ಅವರ ಶ್ರಮಕ್ಕೆ ಅಂಕಣವಿಲ್ಲ. 1972ರ ವನ್ಯಜೀವಿ ಕಾಯಿದೆಗೆ 1991ರಲ್ಲಿ ತಿದ್ದುಪಡಿ ತಂದು ಮೊದಲ ಸಲ ಸಸ್ಯಗಳಿಗೂ ರಕ್ಷಣೆ ಕೊಟ್ಟಾಗ ಇಡೀ ದೇಶದಿಂದ ಆರಿಸಿದ್ದು ಆರೇ ಆರು ಹೆಸರು, ಕಲ್ಲುಹೂವು ಅದರಲ್ಲಿರಲಿಲ್ಲ. ಗಣಿಗೆ ಅನುಮತಿ ಕೇಳುವವರು ತಯಾರಿಸುವ ಪರಿಸರ ವರದಿಯೊಂದನ್ನು ನಾವು ಕಷ್ಟಪಟ್ಟು ಮೊದಲಿನಿಂದ ಕೊನೆಯವರೆಗೆ ಓದಿದೆವು. ಯಾವ ಕಂಪೆನಿಯದು ಎಂಬುದು ಇಲ್ಲಿ ಬೇಡ. ಬೇವು, ಜಾಲಿ, ಮುಂಗುಸಿ, ಕಾಗೆ, ಗುಬ್ಬಿ, ಹಾವು ಎಲ್ಲ ಉಂಟು. ಕಾಗೆಗೆ ಒಂದು ಸಾಲು! ನೂರಾರು ಎಕರೆ ಬರಿಗಲ್ಲಿನ ಹಾಸಿಗೆ ಮಾತ್ರ ಎರಡೇ ಪದ: 'ಬಂಜರು ಭೂಮಿ.' ಆ ಎರಡು ಪದಗಳ ಮೇಲೆ ನಮ್ಮ ಸಿಟ್ಟು.

ಪಾರ್ಲೆಯಲ್ಲಿ ಕೂತವರಿಗೆ ಕಲಬುರಗಿಯ ಕಲ್ಲಿನ ಉಸಾಬರಿ ಏಕೆಂದು ಕೇಳುವವರು ದಯವಿಟ್ಟು ತಮ್ಮ ಕಾಲ ಕೆಳಗೆ ನೋಡಿಕೊಳ್ಳಬೇಕು. ಹಳೆಯ ಪಾರ್ಲೆಯ ಮನೆಗಳ ಮೋರಿ, ಅಡುಗೆಕಟ್ಟೆ, ಮೆಟ್ಟಿಲು, ತುಳಸಿಕಟ್ಟೆಯ ಸುತ್ತಲ ಅಂಗಳ, ಇವೆಲ್ಲಕ್ಕೂ ಹಾಸಿದ್ದು 'ಶಹಾಬಾದಿ ಲಾದಿ'. ಈ ಮಹಾನಗರಿಯ ಚಾಳುಗಳು ಶಹಾಬಾದಿನ ಮೇಲೆ ನಿಂತಿದ್ದವು ಎಂದರೆ ಅತಿಶಯೋಕ್ತಿಯಾಗದು. ಹೆಸರು ಮರಾಠಿಗರ ಬಾಯಲ್ಲಿ ಮರಾಠಿಯಾಗಿದೆ, ಗುಜರಾತಿಗಳ ಬಾಯಲ್ಲಿ ಗುಜರಾತಿಯಾಗಿದೆ. ಊರು ಮಾತ್ರ ನಮ್ಮದೇ, ಕಲಬುರಗಿಗೂ ವಾಡಿಗೂ ನಡುವೆ ಉದ್ಯಾನ್ ಎಕ್ಸ್‌ಪ್ರೆಸ್ ಹಾದುಹೋಗುವ ಶಹಾಬಾದು. ಆ ಕಲ್ಲೇ ಸುಣ್ಣಕಲ್ಲು. ಜೀವಿಗಳಿಗೆ ಇನ್ನೂ ಎಲುಬೇ ಮೂಡದಿದ್ದ ಕಾಲದಲ್ಲಿ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತು ಗಟ್ಟಿಯಾದ ಕೆಸರು ಅದು. ಅದಕ್ಕೇ ರೊಟ್ಟಿಯಂತೆ ಹಲ್ಲೆಹಲ್ಲೆಯಾಗಿ ಏಳುತ್ತದೆ.

ನಾವಿದ್ದ ಹಳೆಯ ಕಟ್ಟಡದ ಹಿತ್ತಿಲಲ್ಲಿ ಅಂಥದೊಂದು ಹಲ್ಲೆಯಿತ್ತು. ಅದರ ಮೂಲೆಯಲ್ಲಿ ಅರಿಸಿನ ಬಣ್ಣದ ಮಚ್ಚೆಯೊಂದು ಬೆಳೆದಿತ್ತು. ಮನೆಯ ಹುಡುಗಿ ಐದನೆಯ ಇಯತ್ತೆಯಲ್ಲಿದ್ದಾಗ ಮೊಳೆಯಿಂದ ಅದರ ಸುತ್ತ, ಒಂದು ಅಕ್ಕಿಕಾಳಿನಷ್ಟು ಅಂತರ ಬಿಟ್ಟು, ಗೆರೆ ಗೀಚಿದ್ದಳು. ಅವಳ ಬಿ.ಎಸ್‌ಸಿ. ಮುಗಿಯುವ ಹೊತ್ತಿಗೂ ಅದು ಗೆರೆಯನ್ನು ಪೂರ್ತಿ ಮುಟ್ಟಿರಲಿಲ್ಲ. ವಿಮಾನ ನಿಲ್ದಾಣದ ಫನೆಲ್ ವಲಯದ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿದ್ದ ಆ ಕಟ್ಟಡದ ಪುನರ್ನಿರ್ಮಾಣಕ್ಕೆ ಕೊನೆಗೂ ಒಪ್ಪಿಗೆ ಬಂತು. ನಾವೇ ಪೇಢೆ ಹಂಚಿದೆವು. ಲಾದಿಗಳನ್ನು ಹಾರೆಯಿಂದ ಎಬ್ಬಿಸಿ ಟೆಂಪೋದಲ್ಲಿ ತುಂಬಿಕೊಂಡು ಹೋದರು. ಆ ಮೂಲೆಯ ಹಲ್ಲೆ ಮೂರು ಚೂರಾಗಿ ಒಡೆಯಿತು. ಹುಡುಗಿ ಒಂದು ಚೂರನ್ನು ಎತ್ತಿಟ್ಟುಕೊಂಡಳು. ಅದು ತೀರಾ ಸಾಮಾನ್ಯ ಜಾತಿಯ ಕಲ್ಲುಹೂವೇ ಇರಬೇಕು, ಅದಕ್ಕಾಗಿ ನಾವು ಕಣ್ಣೀರಿಡುತ್ತಿಲ್ಲ. ಆದರೆ ಆ ಕಲ್ಲು ಬಂದ ಊರನ್ನು ಒಮ್ಮೆ ನೋಡಬೇಕೆಂಬ ಆಸೆ ಹುಟ್ಟಿದ್ದು ಆ ಚೂರಿನಿಂದ.

ಹೋದ ಚಳಿಗಾಲದಲ್ಲಿ ನಾವು ನಾಲ್ಕು ಮನೆಯವರು ಹೋಗಿಬಂದೆವು. ಸೋಲಾಪುರ ದಾಟಿ, ಕಲಬುರಗಿ ದಾಟಿ, ವಾಡಿ ಹತ್ತಿರವಾದಂತೆ ಆಕಾಶದಲ್ಲಿ ಚಿಮಣಿಗಳು ಏಳುತ್ತವೆ. ಚಿತ್ತಾಪುರ, ಸೇಡಂ ತಾಲ್ಲೂಕುಗಳಲ್ಲಿ ಅಲೆದು ಕಾಗಿಣಾ ನದಿಯ ದಂಡೆಯ ಮಳಖೇಡಕ್ಕೆ ಹೋದೆವು. ಮಳಖೇಡವೆಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಆಳಿದ, ಶ್ರೀವಿಜಯ ಕವಿರಾಜಮಾರ್ಗವನ್ನು ರಚಿಸಿದ ನೆಲ. ಇಂದು ಆ ಊರಿನ ಹೆಸರನ್ನು ಹೊರಗಿನ ಜಗತ್ತಿಗೆ ಹೊತ್ತೊಯ್ಯುವುದು ಸಿಮೆಂಟಿನ ಚೀಲ. ನಾವು ನವೆಂಬರ್ ಒಂದರಂದು ಇದೇ ಪಾರ್ಲೆಯಲ್ಲಿ ನೃಪತುಂಗನಿಗೆ ಜಯಕಾರ ಹಾಕುತ್ತೇವೆ, ಮಕ್ಕಳಿಗೆ ಕಿರೀಟ ತೊಡಿಸಿ ವೇದಿಕೆ ಹತ್ತಿಸುತ್ತೇವೆ. ಅವನ ಕೋಟೆಯ ಗೋಡೆಯನ್ನು ನೋಡಿದವರು ಕೈಯೆತ್ತಿ ಎಂದರೆ ಎಷ್ಟು ಕೈ ಏಳುತ್ತವೋ ದೇವರೇ ಬಲ್ಲ.

ಆ ಗೋಡೆಯೂ ಶಹಾಬಾದಿ ಕಲ್ಲಿನದೇ. ಬಿಸಿಲು ಇಳಿಯುವ ಹೊತ್ತಿನಲ್ಲಿ ಹತ್ತಿರ ನಿಂತು ನೋಡಿದೆವು. ದೂರಕ್ಕೆ ಬರೀ ಬೂದು. ಹತ್ತಿರದಿಂದ ಕರಿ, ಬಿಳಿ, ಹೊಗೆಬಣ್ಣ, ಅಲ್ಲಲ್ಲಿ ಕೇಸರಿ, ಒಂದರ ಮೈಗೆ ಒಂದು ತಾಗಿ, ಗಡಿ ಹಾಕಿಕೊಂಡು, ಯಾರೋ ಭೂಪಟ ಬರೆದಂತೆ. ಹುಡುಗಿ ತನ್ನ ಚೂರನ್ನು ಜೋಳಿಗೆಯಿಂದ ತೆಗೆದು ಗೋಡೆಯ ಪಕ್ಕ ಹಿಡಿದು ನೋಡಿದಳು. ಊರ ಮುದುಕನೊಬ್ಬ ಬಂದು, "ಏನ್ ಹುಡುಕಾಕ್ಹತ್ತೀರಿ?" ಎಂದ. ಕಲ್ಲುಹೂವು ಎಂದೆವು. "ಅದು ಕಲ್ಲಿನ ಮುಪ್ಪು," ಎಂದ. ಅಲ್ಲಿಂದ ಹೊರಟು ದಾರಿಯಲ್ಲಿ ಗಣಿಯೊಂದರ ಅಂಚಿನಲ್ಲಿ ನಿಂತೆವು. ಮೇಲಿನ ಮಣ್ಣನ್ನೂ ಕಲ್ಲಿನ ಮೇಲ್ಪದರವನ್ನೂ ಮೊದಲು ಸವರಿ ಗುಡ್ಡೆ ಹಾಕುತ್ತಾರೆ. ಬದುಕೆಲ್ಲ ಇರುವುದು ಆ ಒಂದು ಗೇಣಿನ ಮೇಲ್ಪದರದಲ್ಲಿ. ಅದು ಅವರ ಲೆಕ್ಕದಲ್ಲಿ ಕಸ. ಕೆಳಗಿನದು ಸಿಮೆಂಟು.

ಸಿಮೆಂಟಿನ ಲೆಕ್ಕವನ್ನೂ ಕೊಂಚ ನೋಡೋಣ. ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಅದನ್ನು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಶುದ್ಧ ಸುಣ್ಣಕಲ್ಲಿನ ತೂಕದಲ್ಲಿ 100ಕ್ಕೆ 44 ಭಾಗ ಇಂಗಾಲದ ಡೈಆಕ್ಸೈಡು. ಅದು ಗಾಳಿಗೆ ಹೋಗುತ್ತದೆ. ಜತೆಗೆ ಕಲ್ಲಿದ್ದಲ ಹೊಗೆ. ಕಲ್ಲುಹೂವಿಗೆ ಬೇರಿಲ್ಲ, ತೊಗಟೆಯಿಲ್ಲ. ಗಾಳಿಯಲ್ಲಿ ಬಂದದ್ದನ್ನೆಲ್ಲ ಮೈಯಿಂದಲೇ ಕುಡಿಯುತ್ತದೆ, ಬೇಡವೆನ್ನುವ ಉಪಾಯ ಅದಕ್ಕಿಲ್ಲ. ಪ್ಯಾರಿಸಿನ ಲಕ್ಸೆಂಬರ್ಗ್ ತೋಟದಲ್ಲಿ ಇದನ್ನು ನೈಲಾಂಡರ್ ಎಂಬಾತ 1866ರಲ್ಲೇ ಬರೆದಿಟ್ಟಿದ್ದ: ಹೊಗೆ ಹೆಚ್ಚಿದಲ್ಲಿ ಮೊದಲು ಹೋಗುವುದು ಕಲ್ಲುಹೂವು. ನಮ್ಮ ಚೆಂಬೂರನ್ನು ಜನ ಗ್ಯಾಸ್ ಚೇಂಬರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಅಲ್ಲಿಯ ಮಾವಿನ ಮರಗಳ ತೊಗಟೆಯನ್ನು ಯಾರಾದರೂ ನೋಡಿದ್ದರೆ ಕೆಮ್ಮು ಶುರುವಾಗುವ ಮುಂಚೆಯೇ ವಿಷಯ ತಿಳಿಯುತ್ತಿತ್ತು. ಸಿಮೆಂಟಿನ ಧೂಳಿನದು ಇನ್ನೊಂದು ವಿಚಿತ್ರ. ಸುಣ್ಣದ ಪುಡಿ ಸುತ್ತಲ ಮರಗಳ ಮೇಲೆ ಕೂತು ತೊಗಟೆಯ ಗುಣವನ್ನೇ ಬದಲಿಸುತ್ತದೆ. ಮರದ ಹಳೆಯ ಒಕ್ಕಲು ಓಡಿಹೋಗಿ, ಕಲ್ಲಿನ ಮೇಲಿರಬೇಕಾದ ಕೆಲವು ಗಟ್ಟಿಪಿಂಡಗಳು ಮರ ಹತ್ತುತ್ತವೆ. ಯುರೋಪಿನ ಸಿಮೆಂಟ್ ಕಾರ್ಖಾನೆಗಳ ಸುತ್ತ ಇದನ್ನು ನೋಡಿ ದಾಖಲಿಸಿದ್ದಾರೆ.

ಇಂಗ್ಲೆಂಡಿನ ಹೆಸರು ಮತ್ತೆ ಎತ್ತಬೇಕಾಗಿದೆ. ಆ ದೇಶದ ಉತ್ತರದಲ್ಲಿ ಸುಣ್ಣಕಲ್ಲಿನ ಬಯಲು ಹಾಸುಗಳಿವೆ, ನಿಸರ್ಗವೇ ಲಾದಿ ಹಾಕಿದಂತೆ. ಶ್ರೀಮಂತರು ತಮ್ಮ ತೋಟಗಳ ಅಲಂಕಾರಕ್ಕೆ ಆ ಕಲ್ಲುಗಳನ್ನು ಎಬ್ಬಿಸಿ ಒಯ್ಯತೊಡಗಿದಾಗ ಜನ ಗಲಾಟೆ ಮಾಡಿದರು. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯಿದೆಯಲ್ಲಿ ಅದಕ್ಕೆಂದೇ ಒಂದು ಕಲಮು ಸೇರಿಸಿ, ಗೊತ್ತುಮಾಡಿದ ಹಾಸುಗಳಿಂದ ಕಲ್ಲು ಎತ್ತುವುದನ್ನೇ ಅಪರಾಧವೆಂದು ಸಾರಿದರು. ಹುಲಿಗೆ ಕಾಯಿದೆ ಕೇಳಿದ್ದೇವೆ. ನೆಲಕ್ಕೆ ಹಾಸಿದ ಕಲ್ಲಿಗೆ ಕಾಯಿದೆ! ಅವರು ನಮಗಿಂತ ಸಾಧುಗಳೆಂದಲ್ಲ. ಕಳೆದುಕೊಂಡ ಮೇಲೆ ಬುದ್ಧಿ ಬಂತು, ಅಷ್ಟೇ. ನಮಗೂ ಸಾಧನ ಇಲ್ಲವೆನ್ನುವಂತಿಲ್ಲ. 2002ರ ಜೈವಿಕ ವೈವಿಧ್ಯ ಕಾಯಿದೆಯ 37ನೆಯ ಕಲಮಿನಡಿ ರಾಜ್ಯ ಸರ್ಕಾರ ಒಂದು ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಬಹುದು. ದೇಶದಲ್ಲೇ ಮೊದಲನೆಯದು ನಮ್ಮದು: ದೇವನಹಳ್ಳಿ ಬಳಿಯ ನಲ್ಲೂರಿನ ಹುಣಿಸೆ ತೋಪು, 2007ರಲ್ಲಿ. ಹುಣಿಸೆ ಮರಕ್ಕೆ ಸಂದ ಗೌರವ ಕಾಗಿಣಾ ದಂಡೆಯ ನಾಲ್ಕು ಎಕರೆ ಕಲ್ಲುಹಾಸಿಗೆ ಏಕೆ ಸಲ್ಲಬಾರದು?

ಇನ್ನು ಆಕ್ಷೇಪಣೆಗಳು. ಸಭೆಯ ನಂತರ ಮೆಟ್ಟಿಲಿಳಿಯುವಾಗ ಕೇಳಿದವು ಮುಖ್ಯವಾಗಿ ಎರಡು.

ಒಂದು: ಹೊಟ್ಟೆಯ ಪ್ರಶ್ನೆ. ಗಣಿಯೂ ಕಾರ್ಖಾನೆಯೂ ನಿಂತರೆ ಸೇಡಂ, ಚಿತ್ತಾಪುರದ ಜನ ಎಲ್ಲಿಗೆ ಹೋಗಬೇಕು? ಇಲ್ಲಿಗೇ, ಮುಂಬಯಿಗೇ ಬರಬೇಕಾಗುತ್ತದೆ. ಬಂದವರ ಪಾಡು ನಮಗೆ ಹೊಸದಲ್ಲ. ನಮ್ಮ ಓದುಗರಲ್ಲೇ ಸಿಮೆಂಟ್ ಕಂಪೆನಿಗಳ ಚರ್ಚ್‌ಗೇಟ್ ಕಚೇರಿಗಳಲ್ಲಿ ದುಡಿದು ಮಕ್ಕಳನ್ನು ಓದಿಸಿದವರಿದ್ದಾರೆ. ಈ ಆಕ್ಷೇಪಣೆಗೆ ನಾವು ತಲೆಬಾಗುತ್ತೇವೆ. ಅದಕ್ಕೇ ನಾವು ಕಾರ್ಖಾನೆ ಮುಚ್ಚಿ ಎನ್ನುತ್ತಿಲ್ಲ, ಎಣಿಸಿ ಎನ್ನುತ್ತಿದ್ದೇವೆ. ಒಂದು ಗಣಿಗೆ ವರ್ಷಗಟ್ಟಲೆ ಕಾಗದ ಓಡಾಡುತ್ತದೆ. ಅದರಲ್ಲಿ ಒಂದು ಮಳೆಗಾಲ, ಒಂದು ಚಳಿಗಾಲ ಇಬ್ಬರು ಬಲ್ಲವರು ಭೂತಗನ್ನಡಿ ಹಿಡಿದು ಓಡಾಡಿದರೆ ಯಾರ ಕೂಲಿಯೂ ನಿಲ್ಲುವುದಿಲ್ಲ. ಎಲ್ಲಿಯೂ ಇಲ್ಲದ್ದು ಅಲ್ಲಿ ಸಿಕ್ಕಿದರೆ ಆ ಮೂಲೆಯನ್ನು ಬಿಟ್ಟು ತೋಡಲಿ. ಅಂದಹಾಗೆ, ಕೈಯಿಂದ ಲಾದಿ ಎಬ್ಬಿಸುತ್ತಿದ್ದ ಶಹಾಬಾದಿನ ಕಲ್ಲುಕುಟಿಗರ ಕೂಲಿಗೆ ಕುತ್ತು ತಂದದ್ದು ಕಲ್ಲುಹೂವಿನ ಮೇಲಿನ ಮಮತೆಯಲ್ಲ. ನಾವು ನೀವು ಹೊಸ ಮನೆಗೆ ಹಾಕಿಸಿಕೊಂಡ ಹೊಳೆಯುವ ವಿಟ್ರಿಫೈಡ್ ಟೈಲು.

ಎರಡು: ಸಿಮೆಂಟಿನ ಗೋಡೆಯ ಮೇಲೂ ಕಲ್ಲುಹೂವು ಬೆಳೆಯುತ್ತದೆ, ಮತ್ತೇಕೆ ಗೋಳು? ಬೆಳೆಯುತ್ತದೆ, ನಿಜ. ಗಾರೆ, ಸಿಮೆಂಟು ಎರಡೂ ಸುಣ್ಣಕಲ್ಲಿನ ಮಕ್ಕಳೇ ಆದ್ದರಿಂದ ಹತ್ತಾರು ಗಟ್ಟಿ ಜಾತಿಗಳು ಅಲ್ಲಿ ಒಗ್ಗಿಕೊಳ್ಳುತ್ತವೆ. ಕಾಗೆ ಪಾರ್ಲೆಗೆ ಒಗ್ಗಿದಂತೆ. ಕಾಗೆಯಿದೆಯಲ್ಲ ಎಂದು ಹೆಬ್ಬಕವನ್ನು ಬಿಡಲಾದೀತೆ? ಸಾವಿರಾರು ವರ್ಷ ಅಲುಗಾಡದ ಕಲ್ಲು, ಅದರ ನೆರಳಿನ ಸಂದು, ಸಂದಿನಲ್ಲಿ ಜಿನುಗುವ ತೇವ, ಇಷ್ಟೂ ಬೇಕೆನ್ನುವ ನಾಜೂಕಿನವು ನಮ್ಮ ಕಾಂಪೌಂಡ್ ಗೋಡೆಗೆ ಬರಲಾರವು. ಬಂದರೂ ಐದು ವರ್ಷಕ್ಕೊಮ್ಮೆ ಬಣ್ಣ ಬಳಿಯುತ್ತೇವಲ್ಲ!

ಇಲ್ಲಿ ಒಂದು ತೊಡಕನ್ನು ನಾವೇ ಒಪ್ಪಿಕೊಳ್ಳಬೇಕು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ, 1994ರಿಂದ ನಡೆದ ಉತ್ಖನನದಲ್ಲಿ, 'ರಾಯ ಅಸೋಕೋ' ಎಂದು ಹೆಸರು ಕೊರೆದ ಅಶೋಕ ಚಕ್ರವರ್ತಿಯ ಶಿಲ್ಪ ಸಿಕ್ಕಿತು. ಅದನ್ನು ಕೊರೆದದ್ದೂ ಈ ಸುಣ್ಣಕಲ್ಲಿನಲ್ಲೇ. ಅಂಥ ಶಿಲ್ಪಗಳ ಮೇಲೆ ಕಲ್ಲುಹೂವು ಹಬ್ಬಿದರೆ ಅದರ ಆಮ್ಲ ಕೆತ್ತನೆಯನ್ನು ತಿನ್ನುತ್ತದೆ. ಪುರಾತತ್ತ್ವದವರು ಅದನ್ನು ವೈರಿಯೆಂದೇ ಭಾವಿಸಿ ತೊಳೆಯುತ್ತಾರೆ. ತೊಳೆಯಲಿ. ಅಶೋಕನ ಮುಖ ನಮಗೂ ಬೇಕು. ಮನುಷ್ಯ ಕೆತ್ತಿದ ಕಲ್ಲು ಮನುಷ್ಯನ ಪಾಲಿಗೆ, ಕೆತ್ತದ ಕಲ್ಲಿನಲ್ಲಿ ಒಂದು ಪಾಲು ಅವಕ್ಕೆ ಎಂದರೆ ವ್ಯಾಜ್ಯ ತೀರಿತು.

ಕರಾವಳಿಯ ಬಂಧುಗಳು ಇದೆಲ್ಲ ಬಯಲುಸೀಮೆಯವರ ರಾಮಾಯಣವೆಂದು ಪುಟ ತಿರುವಬಾರದು. ಕುಮಟಾ ತಾಲ್ಲೂಕಿನ ಯಾಣ ಯಾವ ಕಲ್ಲೆಂದುಕೊಂಡಿರಿ? ಕಾಡಿನ ನಡುವೆ 120 ಮೀಟರ್ ಎತ್ತರಕ್ಕೆ ನಿಂತ ಭೈರವೇಶ್ವರ ಶಿಖರ, ಪಕ್ಕದಲ್ಲಿ 90 ಮೀಟರಿನ ಮೋಹಿನಿ ಶಿಖರ, ಎರಡೂ ಕರಿಬಣ್ಣದ ಸುಣ್ಣಕಲ್ಲು. 'ಸೊಕ್ಕಿದ್ದರೆ ಯಾಣ, ರೊಕ್ಕವಿದ್ದರೆ ಗೋಕರ್ಣ' ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದ ಕಾಲದಲ್ಲಿ ಸೊಕ್ಕಿನವರು ನಡೆದೇ ಹೋಗಬೇಕಿತ್ತು, ಆದ್ದರಿಂದ ಕಡಿಮೆ ಜನ ಹೋಗುತ್ತಿದ್ದರು. 1996ರಲ್ಲಿ 'ನಮ್ಮೂರ ಮಂದಾರ ಹೂವೇ' ಚಿತ್ರ ಬಂದ ಮೇಲೆ ನಾಡಿಗೆ ನಾಡೇ ಅತ್ತ ತಿರುಗಿತು. ಈಗ ಹತ್ತಿರದವರೆಗೂ ವಾಹನ ಹೋಗುತ್ತದೆ. ಮೇ ರಜೆಯಲ್ಲಿ ಊರಿಗೆ ಹೋದ ನಮ್ಮ ಮುಂಬಯಿ ಮಕ್ಕಳೇ ಅಲ್ಲಿ ಕೀಲಿಕೈಯಿಂದ ಬಂಡೆಯ ಮೇಲೆ ಹೆಸರು ಕೆತ್ತಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ, ಅದೂ ಚೆಂದದ ಕನ್ನಡ ಅಕ್ಷರದಲ್ಲಿ! ಪಾರ್ಲೆಯಲ್ಲಿ ಕನ್ನಡ ಕಲಿಸಿದ್ದು ಇದಕ್ಕೇ ಎಂದು ಬೇಸರವಾಯಿತು. ಆ ಅಕ್ಷರಗಳು ಬಿಳಿಯಾಗಿ ಎದ್ದು ಕಾಣುವುದೇಕೆಂದರೆ ಸುತ್ತಲಿನ ಬಣ್ಣವೆಲ್ಲ ಬಂಡೆಯದಲ್ಲ, ಬಂಡೆಯ ಮೇಲಿನ ಜೀವಿಗಳದು. ಕೆರೆದದ್ದು ಅವನ್ನು. ಆ ಅಕ್ಷರ ಮುಚ್ಚಿಹೋಗಲು ಹುಡುಗನ ಮೊಮ್ಮಕ್ಕಳ ಕಾಲ ಬರಬೇಕು.

2019ರ ಅಕ್ಟೋಬರಿನಲ್ಲಿ ಆರೆಯಲ್ಲಿ ಮೆಟ್ರೋ ಶೆಡ್ಡಿಗಾಗಿ ಎರಡು ಸಾವಿರಕ್ಕೂ ಹೆಚ್ಚು ಮರ ಕಡಿದಾಗ ನಮ್ಮ ಮನೆಗಳ ಹುಡುಗ ಹುಡುಗಿಯರು ರಾತ್ರಿಯೇ ಓಡಿದ್ದರು. ಮರ ಬೀಳುವ ಸದ್ದು ಕೇಳುತ್ತದೆ. ಅಂಧೇರಿಯ ಗಿಲ್ಬರ್ಟ್ ಹಿಲ್ಲಿನ ಸುತ್ತ ಕಲ್ಲು ಒಡೆಯುವುದನ್ನು ನಿಲ್ಲಿಸಲು ಭೂವಿಜ್ಞಾನಿಗಳು ವರ್ಷಗಟ್ಟಲೆ ಕೂಗಿದ ಮೇಲೆ 2007ರಲ್ಲಿ ಅದಕ್ಕೆ ಪಾರಂಪರಿಕ ದರ್ಜೆ ಸಿಕ್ಕಿತು. ಆ ಹೊತ್ತಿಗೆ ಉಳಿದದ್ದು ಒಂದು ಕಂಬ. ಕಲ್ಲಿನ ಮೇಲಿನ ಮಚ್ಚೆ ಹೋಗುವಾಗ ಸದ್ದೂ ಇಲ್ಲ, ಕಂಬವೂ ಉಳಿಯುವುದಿಲ್ಲ. ಅದಕ್ಕಾಗಿ ಓಡಿಬರುವವರಿಗೆ ಮೊದಲು ಅದರ ಹೆಸರು ಗೊತ್ತಿರಬೇಕಲ್ಲ.

ಈಗ ಕೆಲಸದ ಮಾತು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಗಣಿಗಳಿಗೆ ಮುನ್ನ ಸಾರ್ವಜನಿಕ ಅಹವಾಲು ನಡೆಯಬೇಕು. ನೋಟೀಸು ಪತ್ರಿಕೆಯಲ್ಲಿ ಬಂದ ಮೇಲೆ ಜನರಿಗೆ ಕನಿಷ್ಠ 30 ದಿನ ಸಮಯವಿರುತ್ತದೆ. ಊರಲ್ಲೇ ಇರಬೇಕೆಂದೇನೂ ಇಲ್ಲ. ಪರಿಸರದ ದೃಷ್ಟಿಯಿಂದ ಸಂಬಂಧವುಳ್ಳ ಯಾರೇ ಆದರೂ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರಹದಲ್ಲಿ ಅಭಿಪ್ರಾಯ ಕಳಿಸಬಹುದು. ನಮಗೆ ಸಂಬಂಧವಿದೆಯೇ ಎಂದು ಯಾರಾದರೂ ಕೇಳಿದರೆ ಮೋರಿಯ ಲಾದಿ ತೋರಿಸಿ. ಕಲಬುರಗಿಯ ಪತ್ರಿಕೆಗಳಲ್ಲಿ ಅಂಥ ನೋಟೀಸು ಬಂದಾಗ ಕತ್ತರಿಸಿ ಕಳಿಸಲು ಅಲ್ಲಿನ ಬಂಧುಗಳಿಬ್ಬರು ಒಪ್ಪಿದ್ದಾರೆ. ನಾವು ಕೇಳುವುದು ಇಷ್ಟೇ: ವರದಿಯಲ್ಲಿ ಕಲ್ಲುಹೂವಿಗೆ ಒಂದು ಅಧ್ಯಾಯ ಇರಲಿ, ಅದನ್ನು ಬಲ್ಲವರು ಬರೆಯಲಿ, 'ಬಂಜರು ಭೂಮಿ' ಎಂಬ ಎರಡು ಪದಗಳನ್ನು ಹೊಡೆದುಹಾಕಲಿ. ಮಳಖೇಡದ ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೂ ಬೇರೆ ಕಾಗದವಿದೆ. ಅವರ ದಾಖಲೆ ಪುಸ್ತಕದಲ್ಲಿ ಕೋಟೆಗೋಡೆಯ ಕಲ್ಲುಹೂವಿಗೂ ಒಂದು ಪುಟ ಕೊಡಿ ಎಂದು.

ಎರಡೂ ಅರ್ಜಿಗಳ ಕರಡು ಸಂಘದ ವಾಚನಾಲಯದ ಉದ್ದ ಮೇಜಿನ ಮೇಲೆ ಮುಂದಿನ ಎರಡು ರವಿವಾರ, ಬೆಳಿಗ್ಗೆ 10ರಿಂದ 12ರವರೆಗೆ ಇರುತ್ತದೆ. ಪಕ್ಕದಲ್ಲಿ ಆ ಲಾದಿಯ ಚೂರೂ ಒಂದು ಭೂತಗನ್ನಡಿಯೂ ಇರುತ್ತವೆ. ನಕ್ಕ ಹಿರಿಯರು ಮೊದಲ ಸಹಿ ತಾವೇ ಹಾಕುವುದಾಗಿ ಮೊನ್ನೆ ಸ್ಟೇಷನ್ನಿನಲ್ಲಿ ಸಿಕ್ಕಾಗ ಹೇಳಿದ್ದಾರೆ. ಆದರೆ ಚೂರನ್ನು ನೋಡಿ ಆಮೇಲೆ, ಎಂದಿದ್ದಾರೆ. ಬರುವವರು ಪೆನ್ನು ತಮ್ಮದೇ ತರಬೇಕು. ಹೋದ ಸಲ ಮೇಜಿನ ಮೇಲಿಟ್ಟ ಎರಡೂ ಪೆನ್ನುಗಳು ಇನ್ನೂ ಸಿಕ್ಕಿಲ್ಲ.